ನೆಟ್ಟಗೆ ಕೂಡು ಅನ್ನೋ ಮೊದಲು ಅಂಗಿ ತೆಗೆಸಿ ಬೆನ್ನು ನೋಡಿ

ನಮ್ಮ ಮನೆಗೆ ಬಂದವರೆಲ್ಲ ನನ್ನ ಮಗನಿಗೆ ಒಂದೇ ಮಾತು ಹೇಳುತ್ತಾರೆ. "ನೆಟ್ಟಗ ಕೂಡೋ, ಮುದುಕರಂಗ ಯಾಕ ಬಾಗ್ತಿ?" ಮುತ್ಯಾ ಹೇಳುತ್ತಾರೆ, ಕಾಕಾ ಹೇಳುತ್ತಾನೆ, ಟ್ಯೂಷನ್ ಮೇಡಂ ಅಂತೂ ದಿನಾ ಹೇಳುತ್ತಾರೆ. ಪಾಪ ಅವನು ಒಂದು ನಿಮಿಷ ನೆಟ್ಟಗೆ ಕೂರುತ್ತಾನೆ, ಆಮೇಲೆ ಮೈ ತಾನೇ ಬಲಕ್ಕೆ ವಾಲುತ್ತದೆ. ಎಲ್ಲರೂ ಅದನ್ನ ಸೋಮಾರಿತನ ಅಂದುಕೊಳ್ಳುತ್ತಾರೆ. ಅಲ್ಲ. ಅವನ ಬೆನ್ನಿನ ಕಥೆ ಶುರುವಾಗಿದ್ದು ಅನ್ನನಾಳದಿಂದ.

ಅವನು ಹುಟ್ಟಿದಾಗ ಅನ್ನನಾಳ ಒಂದೇ ಕೊಳವೆಯಾಗಿ ಇರಲಿಲ್ಲ. ಮೇಲಿನ ತುಂಡು ಕೆಳಗೆ ಮುಚ್ಚಿಕೊಂಡಿತ್ತು, ಕೆಳಗಿನ ತುಂಡು ಶ್ವಾಸನಾಳಕ್ಕೆ ಅಂಟಿತ್ತು. ಬಾಯಿ ತುಂಬ ನೊರೆ, ಹಾಲು ಹಾಕಿದರೆ ಕೆಮ್ಮಿ ನೀಲಿಯಾಗೋದು. ಡಾಕ್ಟರುಗಳು ಇದಕ್ಕೆ ಇಸೋಫೇಜಿಯಲ್ ಅಟ್ರೇಸಿಯಾ ಅನ್ನುತ್ತಾರೆ. ಸುಮಾರು 2,500ರಿಂದ 4,500 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಕಲಬುರಗಿಯಿಂದ ರಾತ್ರೋರಾತ್ರಿ ಹೈದರಾಬಾದಿಗೆ ಓಡಿದೆವು, ಆಪರೇಷನ್ ಆಯಿತು, ಮಗು ಉಳಿಯಿತು. 1941ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಕ್ಯಾಮರಾನ್ ಹೈಟ್ ಅನ್ನೋ ಸರ್ಜನ್ ಎರಡೂ ತುದಿಗಳನ್ನ ಒಂದೇ ಸಲಕ್ಕೆ ಜೋಡಿಸಿ ಮಗುವನ್ನ ಉಳಿಸೋವರೆಗೆ, ಇಂಥ ಮಕ್ಕಳು ಬದುಕೋದೇ ಅಪರೂಪ ಇತ್ತು.

ಈಗ ಬೆನ್ನಿನ ವಿಷಯ. ಅನ್ನನಾಳದ ಹತ್ತಿರ ಹೋಗಬೇಕಂದರೆ ಸಾಮಾನ್ಯವಾಗಿ ಬಲಗಡೆ, ಭುಜದ ಹಿಂದಿರೋ ಚಪ್ಪಟೆ ರೆಕ್ಕೆ ಮೂಳೆಯ ಕೆಳಗೆ, ಪಕ್ಕೆಲುಬುಗಳ ನಡುವೆ ಎದೆ ತೆರೆಯುತ್ತಾರೆ. ಅಲ್ಲಿ ದೊಡ್ಡ ಸ್ನಾಯುಗಳಿವೆ, ರೆಕ್ಕೆ ಮೂಳೆಯನ್ನ ಎದೆಗೂಡಿಗೆ ಒತ್ತಿ ಹಿಡಿಯೋ ಸ್ನಾಯುವೂ ಒಂದು. ಅದಕ್ಕೋ ಅದರ ನರಕ್ಕೋ ಪೆಟ್ಟಾದರೆ ಆ ಮೂಳೆ ಹಿಂದಕ್ಕೆ ಎದ್ದು ನಿಲ್ಲುತ್ತದೆ, ಕೈ ಪೂರ್ತಿ ಮೇಲೆತ್ತಲು ಆಗೋದಿಲ್ಲ. ಕೆಲವು ಮಕ್ಕಳಲ್ಲಿ ಗಾಯ ಮಾಯುವಾಗ ಅಕ್ಕಪಕ್ಕದ ಪಕ್ಕೆಲುಬುಗಳೇ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅಂಗಿಯ ಒಂದು ಬದಿಗೆ ಬಿಗಿಯಾಗಿ ಹೊಲಿಗೆ ಹಾಕಿದರೆ ಅಂಗಿ ಆ ಕಡೆಗೇ ಎಳೆಯುತ್ತದಲ್ವಾ, ಹಾಗೆ. ಒಂದು ಕಡೆ ಬೆಳವಣಿಗೆ ಕಟ್ಟಿಹಾಕಿದಂತಾಗಿ, ಇನ್ನೊಂದು ಕಡೆ ಬೆಳೀತಾ ಹೋದರೆ, ನಡುವೆ ಇರೋ ಬೆನ್ನುಮೂಳೆ ಬಾಗದೆ ಏನು ಮಾಡುತ್ತದೆ? ಎಲ್ಲರಿಗೂ ಹೀಗಾಗುವುದಿಲ್ಲ. ಇನ್ನು ಕೆಲವು ಮಕ್ಕಳಿಗೆ ಅನ್ನನಾಳದ ಜೊತೆಗೆ ಬೆನ್ನುಮೂಳೆಯ ಮಣಿಗಳೂ ಹುಟ್ಟುವಾಗಲೇ ಅರ್ಧಂಬರ್ಧ ಆಗಿರುತ್ತವೆ. ಅವರಿಗೆ ಆಪರೇಷನ್ ಕಾರಣ ಅಲ್ಲ, ಬಾಗು ಮೊದಲಿಂದಲೇ ಇರಬಹುದು.

ಊಟದ್ದು ಬೇರೆ ಪಾಡು. ಜೋಡಿಸಿದ ಅನ್ನನಾಳ ತುತ್ತನ್ನ ಸರಿಯಾಗಿ ಕೆಳಗೆ ತಳ್ಳೋದಿಲ್ಲ. ತುತ್ತು ಸಿಕ್ಕಿಕೊಂಡಾಗ ಕತ್ತು ಉದ್ದ ಮಾಡುತ್ತಾನೆ, ನೀರು ಕುಡಿಯುತ್ತಾನೆ, ಒಂದು ಬದಿಗೆ ತಿರುಗುತ್ತಾನೆ. ಹೊಟ್ಟೆಯ ಹುಳಿ ಮೇಲಕ್ಕೆ ಬರೋದೂ ಜಾಸ್ತಿ, ಮುದುಡಿ ಕೂತರೆ ಇನ್ನೂ ಜಾಸ್ತಿ. ಕೂಸಾಗಿದ್ದಾಗ ಹಾಲು ಕುಡಿದ ಮೇಲೆ ಬೆನ್ನು ಬಿಲ್ಲಾಗಿಸಿ ಕತ್ತು ತಿರುಚುತ್ತಿದ್ದ. ಆಯಿ ದೃಷ್ಟಿ ತೆಗೆದರು, ಪಕ್ಕದ ಮನೆಯವರು ಫಿಟ್ಸ್ ಅಂದರು. ಡಾಕ್ಟರು ನೋಡಿ, ಇದು ಹುಳಿ ಮೇಲೆ ಬರೋದರ ಲಕ್ಷಣ ಅಂದರು. ಹೀಗಾದರೆ ನೀವೇ ತೀರ್ಮಾನ ಮಾಡಬೇಡಿ, ವಿಡಿಯೋ ತೆಗೆದು ತೋರಿಸಿ.

ಕಟಿ ರೊಟ್ಟಿ ನಮ್ಮನೆಯಲ್ಲಿ ಅವನಿಗೆ ಇಲ್ಲ. ಮೆತ್ತನೆ ಜೋಳದ ರೊಟ್ಟಿಯನ್ನ ಬ್ಯಾಳಿಯಲ್ಲಿ ನೆನೆಸಿ ಕೊಡುತ್ತೇನೆ, ಇಲ್ಲಾಂದ್ರೆ ನುಚ್ಚು ಮಜ್ಜಿಗೆ. ನೆಲದ ಮೇಲೆ ಕೂತು ನೆಲದ ಮೇಲಿನ ತಾಟಿಗೆ ಬಗ್ಗೋದು ಬೇಡ ಅಂತ ತಾಟು ಎತ್ತರದ ಮಣೆ ಮೇಲೆ ಇಡುತ್ತೇನೆ. ಮದುವೆ ಪಂಕ್ತಿಯಲ್ಲಿ ಇದನ್ನ ಮಾಡೋದು ಕಷ್ಟ, ನೆಂಟರ ಮುಖ ನೋಡಬೇಕು ಆಗ!

ನನ್ನ ತಕರಾರು ಒಂದೇ. ಫಾಲೋಅಪ್‌ಗೆ ಹೋದರೆ ನುಂಗೋದು ಹೇಗಿದೆ, ತೂಕ ಎಷ್ಟು, ಕೆಮ್ಮು ಇದೆಯಾ ಅಂತ ಕೇಳುತ್ತಾರೆ. ಅಂಗಿ ತೆಗೆಸಿ ಹಿಂದಿನಿಂದ ನೋಡೋರು ಕಡಿಮೆ. ಬಾಯಿ ಬಿಟ್ಟು ನಾವೇ ಕೇಳಬೇಕು. ಮನೆಯಲ್ಲೂ ನೋಡಬಹುದು: ಭುಜ ಎರಡೂ ಸಮ ಇವೆಯಾ, ಕಾಲು ಜೋಡಿಸಿ ಮುಂದಕ್ಕೆ ಬಗ್ಗಿದಾಗ ಬೆನ್ನಿನ ಒಂದು ಬದಿ ಉಬ್ಬುತ್ತದೆಯಾ. ಉಬ್ಬಿದರೆ ಮೂಳೆ ಡಾಕ್ಟರ ಹತ್ತಿರ ಹೋಗಿ, ನಿಲ್ಲಿಸಿ ಎಕ್ಸ್‌ರೇ ತೆಗೆಸುತ್ತಾರೆ. ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದು 10 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸ್ಕೋಲಿಯೋಸಿಸ್ ಅನ್ನುತ್ತಾರೆ. ಚಿಕ್ಕಂದಿನಲ್ಲಿ ಸರಿ ಇದೆ ಅಂತ ಬಿಡೋ ಹಾಗಿಲ್ಲ, ಮಕ್ಕಳು ದಿಢೀರ್ ಅಂತ ಎತ್ತರ ಬೆಳೆಯೋ ವಯಸ್ಸಿನಲ್ಲೇ ಬಾಗು ಹೆಚ್ಚುತ್ತದೆ.

ಮೆಡಿಕಲ್ ಅಂಗಡಿಯಲ್ಲಿ ಸಿಗೋ ಭುಜ ಎಳೆಯೋ ಬೆಲ್ಟ್ ಸುಮ್ನೆ ತರಬೇಡಿ. ಕೂಡಿಕೊಂಡ ಪಕ್ಕೆಲುಬಿಗೆ ಅದು ಏನೂ ಮಾಡಲ್ಲ. ಬ್ರೇಸ್, ಅಂದರೆ ಬಾಗು ಹೆಚ್ಚದಂತೆ ಮೈಗೆ ಹಾಕೋ ಗಟ್ಟಿ ಕವಚ, ಬೇಕೋ ಬೇಡವೋ ಅಂತ ಎಕ್ಸ್‌ರೇ ನೋಡಿದವರು ಹೇಳಲಿ. ನಮ್ಮ ಫಿಜಿಯೋಥೆರಪಿಸ್ಟ್ ಕೈ ಮೇಲೆತ್ತೋದು, ಕಂಬಿಗೆ ಜೋತು ಬೀಳೋದು, ಉದ್ದ ಉಸಿರು ತೆಗೆಯೋದು, ಈಜು ಹೇಳಿಕೊಟ್ಟಿದ್ದಾರೆ. ಕಲಬುರಗಿ ಬಿಸಿಲಿಗೆ ಈಜು ಅಂದರೆ ಅವನಿಗೂ ಖುಷಿ. ಶೇಂಗಾ ಹಿಂಡಿ ಡಬ್ಬಿಯನ್ನ ನಾನು ಬೇಕಂತಲೇ ಮೇಲಿನ ಹಲಗೆಗೆ ಇಟ್ಟಿದ್ದೇನೆ, ಬಲಗೈಯಲ್ಲೇ ತೆಗೀಬೇಕು ಅನ್ನೋದು ನಿಯಮ.

ಈಗ ಸ್ನಾಯು ಕತ್ತರಿಸದೆ ಪಕ್ಕಕ್ಕೆ ಸರಿಸಿ ಮಾಡೋ ಆಪರೇಷನ್ ಇದೆ, ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡೋದೂ ಇದೆ. ಎಲ್ಲ ಮಕ್ಕಳಿಗೂ ಆಗೋದಿಲ್ಲ, ಆದರೂ ಸರ್ಜನ್ ಹತ್ತಿರ ಕೇಳಿ. ಆಪರೇಷನ್ ಆಗಿಹೋಗಿದ್ದರೆ ಡಿಸ್ಚಾರ್ಜ್ ಕಾಗದ ಜೋಪಾನ ಮಾಡಿ. ಯಾವ ಕಡೆ ತೆರೆದರು, ಯಾವ ಪಕ್ಕೆಲುಬಿನ ನಡುವೆ, ಪಕ್ಕೆಲುಬು ಕತ್ತರಿಸಿದ್ದರಾ ಅನ್ನೋದನ್ನ ಮೂಳೆ ಡಾಕ್ಟರು ಮೊದಲು ಅದರಲ್ಲೇ ಹುಡುಕುತ್ತಾರೆ.