ಅರ್ನಾಲ್ಡ್‌ಗೇ ಜರ್ಮನ್ ಡಬ್ ಮಾಡುವ ಜನ

ಜರ್ಮನಿಯ ಥಿಯೇಟರುಗಳಲ್ಲಿ ಹಾಲಿವುಡ್‌ನವರೆಲ್ಲ ಜರ್ಮನ್ ಮಾತಾಡುತ್ತಾರೆ. ಕೌಬಾಯ್, ಕೊಲೆಗಾರ, ಬೇರೆ ಗ್ರಹದಿಂದ ಬಂದ ಪ್ರಾಣಿ, ಯಾರನ್ನೂ ಬಿಟ್ಟಿಲ್ಲ. ಡಬ್ಬಿಂಗ್ ಬೇಡ ಅಂತ ದಶಕಗಟ್ಟಲೆ ಹಟ ಹಿಡಿದ ನಾಡಿನಿಂದ ಬಂದವನಿಗೆ ಇದು ಅರಗುವುದು ಕಷ್ಟ. ಹಾಗೆಲ್ಲ ತಡೆಯುವಂತಿಲ್ಲ ಎಂದು 2015ರಲ್ಲಿ ಭಾರತದ ಸ್ಪರ್ಧಾ ಆಯೋಗವೇ ಹೇಳಿದ ಮೇಲೂ ನಮ್ಮಲ್ಲಿ ಜಗಳ ನಿಲ್ಲಲಿಲ್ಲ, ಅಲ್ವಾ? ಇಲ್ಲಿ ಸ್ಟುಟ್‌ಗಾರ್ಟಿನಲ್ಲಿ ಇದು ಜಗಳ ಆಡುವ ವಿಷಯ ಅಂತಲೇ ಯಾರಿಗೂ ಅನ್ನಿಸಿಲ್ಲ.

ನನಗೆ ತಡೆಯಲಾಗದ್ದು ಅರ್ನಾಲ್ಡ್ ಶ್ವಾರ್ಜ್‌ನೆಗರ್ ವಿಷಯ. ಆತ ಆಸ್ಟ್ರಿಯಾದ ಗ್ರಾಜ್ ಪಕ್ಕದ ಥಾಲ್ ಎಂಬ ಹಳ್ಳಿಯವರು. ಮನೆಮಾತೇ ಜರ್ಮನ್. ಆದರೂ ಅವರ ಸಿನಿಮಾ ಇಲ್ಲಿಗೆ ಬಂದರೆ ಬಾಯಿ ಮಾತ್ರ ಅವರದು, ಧ್ವನಿ ವರ್ಷಗಟ್ಟಲೆ ಥಾಮಸ್ ಡಾನೆಬರ್ಗ್ ಎಂಬವರದಾಗಿತ್ತು. ನಮ್ಮ ಮಂಡ್ಯದ ಹೀರೋಗೆ ‘ನಿಮ್ಮ ಕನ್ನಡ ಬೇಡ ಬಿಡಿ’ ಅಂದು ಕನ್ನಡ ಸಿನಿಮಾದಲ್ಲೇ ಬೇರೆಯವರಿಂದ ಮಾತಾಡಿಸಿದ ಹಾಗೆ. ಮಂಡ್ಯದವರು ಸುಮ್ನೆ ಬಿಡುತ್ತಿದ್ದರೇ? ತಮಾಷೆ ಅಂದರೆ ಸಿಲ್ವೆಸ್ಟರ್ ಸ್ಟಲೋನ್‌ಗೂ ಇದೇ ಡಾನೆಬರ್ಗ್ ಧ್ವನಿ ಇತ್ತು, ಜಾನ್ ಟ್ರವೋಲ್ಟಾಗೂ ಇವರದೇ. ಕಣ್ಣು ಮುಚ್ಚಿ ಕೂತರೆ ಇಡೀ ಹಾಲಿವುಡ್‌ನಲ್ಲಿ ಇರುವುದು ಒಬ್ಬನೇ ಗಂಡಸು.

ಆದರೆ ಒಂದು ಜೋಡಿಯ ವಿಷಯದಲ್ಲಿ ನಾನು ಪಕ್ಷ ಬದಲಿಸಿದ್ದೇನೆ. ಇಟಲಿಯ ನಟರಾದ ಬಡ್ ಸ್ಪೆನ್ಸರ್ ಮತ್ತು ಟೆರೆನ್ಸ್ ಹಿಲ್. ದಪ್ಪಗಿನವನು ತಲೆ ಮೇಲೆ ಗುದ್ದುತ್ತಾನೆ, ತೆಳ್ಳಗಿನವನು ನಗುತ್ತಾನೆ, ಕಥೆ ಅಷ್ಟೇ. ಜರ್ಮನ್ನರು ಇದಕ್ಕೆ ಡಬ್ಬಿಂಗ್ ಮಾಡುವಾಗ ಮೂಲದಲ್ಲಿ ಇಲ್ಲದ ಜೋಕುಗಳನ್ನೆಲ್ಲ ತುರುಕಿದರು. ರೈನರ್ ಬ್ರಾಂಟ್ ಎಂಬವರು ಇದರಲ್ಲಿ ಪಳಗಿದ ಕೈ. ಪಾತ್ರ ಬೆನ್ನು ತಿರುಗಿಸಿತೋ, ತುಟಿ ಕಾಣುವುದಿಲ್ಲವಲ್ಲ ಅಂತ ಒಂದು ಡೈಲಾಗ್ ಒಗೆದೇಬಿಡುವುದು. ನನ್ನ ಅಭಿಪ್ರಾಯ ಕೇಳಿದರೆ, ಒಳ್ಳೆಯ ಸಿನಿಮಾ ಮುಟ್ಟಬೇಡಿ, ಡಬ್ಬಾ ಸಿನಿಮಾಗೆ ಮಾತ್ರ ಡಬ್ಬಿಂಗ್ ಕಡ್ಡಾಯ ಮಾಡಿ. ನಮ್ಮ ಎಷ್ಟು ಸ್ಲೋ ಮೋಷನ್ ನಡಿಗೆಗಳು ಬ್ರಾಂಟ್ ಕೈಗೆ ಸಿಗದೆ ಹಾಳಾದವೋ!

ಈ ಜೋಡಿ ಮೇಲಿನ ಪ್ರೀತಿ ಎಷ್ಟೆಂದರೆ, ನಮ್ಮ ಪಕ್ಕದ ಶ್ವೇಬಿಶ್ ಗ್ಮುಂಡ್ ಊರಲ್ಲಿ 2011ರಲ್ಲಿ ಹೊಸ ಸುರಂಗಕ್ಕೆ ಹೆಸರು ಕೇಳಿದಾಗ ಅಂತರ್ಜಾಲದಲ್ಲಿ ಜನ ಬಡ್ ಸ್ಪೆನ್ಸರ್‌ಗೆ ವೋಟು ಹಾಕಿದರು. ನಗರಸಭೆ ಗಾಬರಿಯಾಗಿ, ಸುರಂಗ ಬೇಡ, ಈಜುಕೊಳ ತಗೊಳ್ಳಿ ಎಂದಿತು. ಆತ ನಟನಾಗುವ ಮೊದಲು ಈಜುಪಟು, 1951ರಲ್ಲಿ ಅದೇ ಊರಲ್ಲಿ ಈಜಿದ್ದವರು. ಅಭಿಮಾನಿಗಳು ರಸ್ತೆ, ಸರ್ಕಲ್‌ಗೆ ಹೆಸರಿಡಿ ಅಂತ ಕೂಗುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದವರಿಗೆ ಇದು ಸಮಾಧಾನ.

ಥಿಯೇಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಪ್‌ಕಾರ್ನ್‌ಗೆ ಸಕ್ಕರೆ ಹಾಕುತ್ತಾರೆ, ಅದು ಅಪರಾಧ. ಸಾಮಾನ್ಯವಾಗಿ ಇಂಟರ್ವಲ್ ಇರುವುದಿಲ್ಲ. ಸಿನಿಮಾ ಉದ್ದ ಜಾಸ್ತಿಯಾದರೆ ಟಿಕೆಟ್ ಮೇಲೆ ಹೆಚ್ಚುವರಿ ದುಡ್ಡು ಕೇಳುವ ಥಿಯೇಟರುಗಳಿವೆ. ಈ ಪದ್ಧತಿ ಗಾಂಧಿನಗರಕ್ಕೂ ಬರಬೇಕು ಅಂತ ನನ್ನ ಮನವಿ. ಆದರೆ ವಸೂಲಿ ನಿರ್ದೇಶಕರಿಂದ.

ಇಷ್ಟೆಲ್ಲ ಡಬ್ ಮಾಡುವ ದೇಶ ಡಿಸೆಂಬರ್ 31ರಂದು ಏನು ನೋಡುತ್ತದೆ ಗೊತ್ತಾ? ‘ಡಿನ್ನರ್ ಫಾರ್ ಒನ್’ ಎಂಬ ಪುಟ್ಟ ಇಂಗ್ಲಿಷ್ ಪ್ರಹಸನ. 1963ರಲ್ಲಿ ಹ್ಯಾಂಬರ್ಗಿನಲ್ಲಿ ಚಿತ್ರಿಸಿದ್ದು. ಕುಡಿದ ಬಟ್ಲರ್ ಒಬ್ಬ ಹುಲಿಚರ್ಮದ ತಲೆಗೆ ಪದೇ ಪದೇ ಎಡವುತ್ತಾನೆ, ಇವರು ವರ್ಷಾ ವರ್ಷಾ ಬಿದ್ದು ಬಿದ್ದು ನಗುತ್ತಾರೆ. ಮಾತು ಪೂರ್ತಿ ಇಂಗ್ಲಿಷ್. ಇದನ್ಯಾಕಪ್ಪಾ ಡಬ್ ಮಾಡಿಲ್ಲ ಅಂತ ಆಫೀಸಿನ ಜರ್ಮನ್ ಗೆಳೆಯನನ್ನು ಕೇಳಿದೆ. ಅವನು ನನ್ನನ್ನು ಪಾಪ ಅನ್ನುವ ಹಾಗೆ ನೋಡಿ ಹೇಳಿದ: ‘ಡಬ್ ಮಾಡಿದರೆ ಮಜಾ ಹೋಗಿಬಿಡುತ್ತೆ ಮಾರಾಯ!’