ಅಂಚೆಚೀಟಿಯ ಹಣ್ಣುಗಳು

ಅಮೆರಿಕದ ಅಂಚೆ ಇಲಾಖೆ 2008ರಲ್ಲಿ ‘ಉಷ್ಣವಲಯದ ಹಣ್ಣುಗಳು’ ಎಂಬ ಹೆಸರಿನಡಿ ಸೀಬೆ, ಪರಂಗಿ, ಧಾರೆಹುಳಿ, ದಾಳಿಂಬೆ ಮತ್ತು ಕೀವಿಯ ಚಿತ್ರಗಳಿರುವ ಐದು ಅಂಚೆಚೀಟಿಗಳನ್ನು ಹೊರತಂದಿತು. ತಲಾ 27 ಸೆಂಟ್ ಮುಖಬೆಲೆಯ ಇವು ಆ ದೇಶದೊಳಗಿನ ಪೋಸ್ಟ್‌ಕಾರ್ಡಿಗೆ ಮಾತ್ರ ಸಾಲುತ್ತಿದ್ದವು. ಅಲ್ಲಿಂದ ಮೈಸೂರಿಗೆ ಬರೆಯುವಾಗ ನನ್ನ ಚಿಕ್ಕಮ್ಮ ಒಂದೇ ಕಾರ್ಡಿಗೆ ಹಲವು ಹಣ್ಣುಗಳನ್ನು ಅಂಟಿಸಬೇಕಾಗುತ್ತಿದ್ದುದರಿಂದ, ಕ್ಷೇಮಸಮಾಚಾರಕ್ಕೆ ಉಳಿಯುತ್ತಿದ್ದ ಜಾಗ ಅಷ್ಟಕ್ಕಷ್ಟೆ.

ಅಕ್ಕನ ಮಗಳು ಶಾಲೆಯ ಪ್ರದರ್ಶನಕ್ಕೆಂದು ಹಣ್ಣಿನ ಅಂಚೆಚೀಟಿಗಳನ್ನು ಜೋಡಿಸಲು ಬಂದ ಭಾನುವಾರ ಆ ಕಾರ್ಡುಗಳು ಪೆಟ್ಟಿಗೆಯಿಂದ ಹೊರಬಂದವು. ಹಳೆಯ ಲಕೋಟೆಯ ಚೂರುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿದರೆ ಅಂಟು ಕರಗಿ ಚೀಟಿ ತಾನಾಗಿ ಬಿಡುತ್ತದೆ. ಅದರ ಬೆನ್ನನ್ನು ಮೆಲ್ಲಗೆ ತೊಳೆದು, ಒಣಗಿಸಿ, ದಪ್ಪ ಪುಸ್ತಕದಡಿ ಇಟ್ಟರೆ ಸಾಕು. ಈಚಿನ ಅಮೆರಿಕನ್ ಸ್ವಯಂಅಂಟಿನ ಚೀಟಿಗಳು ನೀರಿಗೆ ಜಗ್ಗುವುದಿಲ್ಲ. ಅವಳು ಕತ್ತರಿ ತೆಗೆದುಕೊಂಡಳಾದರೂ, ಠಸ್ಸೆ, ತಾರೀಕು, ವಿಳಾಸಗಳೆಲ್ಲ ಒಟ್ಟಾಗಿರುವ ಕಾರ್ಡನ್ನು ಇಡಿಯಾಗಿಯೇ ಉಳಿಸುವುದು ಮೇಲೆಂದು ಹೇಳಿ ತಡೆದೆ. ಸಂಗ್ರಾಹಕರಿಗೆ ಚೀಟಿಗಿಂತ ಅದು ಮಾಡಿದ ಪ್ರಯಾಣವೇ ಎಷ್ಟೋ ಸಲ ಹೆಚ್ಚು ಬೆಲೆಯದು.

ಐದನ್ನೂ ಎದುರಿಗಿಟ್ಟು ನೋಡಿದಾಗ ನನಗೆ ತಕರಾರು ಹುಟ್ಟಿತು. ಸೀಬೆ, ಪರಂಗಿ ಎರಡೂ ಅಮೆರಿಕ ಖಂಡಗಳ ಉಷ್ಣಸೀಮೆಯವು. ಧಾರೆಹುಳಿ ಆಗ್ನೇಯ ಏಷ್ಯಾದ ಕಡೆಯದು. ಆದರೆ ದಾಳಿಂಬೆ ಇರಾನ್ ಸುತ್ತಮುತ್ತಲಿನ ಒಣಸೀಮೆಯಲ್ಲಿ ಹುಟ್ಟಿದ್ದು, ಚೀನಾ ಮೂಲದ ಕೀವಿಗಂತೂ ಸರಿಯಾಗಿ ಹೂಬಿಡಲು ಚಳಿಗಾಲದ ತಂಪು ಬೇಕು. ಮಾವು, ಬಾಳೆ, ಅನಾನಸುಗಳನ್ನು ಹೊರಗಿಟ್ಟು ಇವೆರಡನ್ನು ಒಳಸೇರಿಸಿಕೊಂಡವರು ಭೂಪಟವನ್ನು ನೋಡಿರಲಾರರು, ಹಣ್ಣಿನಂಗಡಿಯನ್ನು ನೋಡಿದ್ದಿರಬೇಕು. ಚಿತ್ರಗಳು ಚೆನ್ನಾಗಿವೆ ಎಂಬುದನ್ನು ಮಾತ್ರ ಅಲ್ಲಗಳೆಯಲಾರೆ.

ಬಾಳೆಗೆ ನಿಜವಾದ ಮರ್ಯಾದೆ ಸಲ್ಲಿಸಿದ್ದು ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ಟೊಂಗಾ. ಅದು 1969ರಲ್ಲಿ ಬಾಳೆಹಣ್ಣಿನ ಆಕಾರದಲ್ಲಿಯೇ ಕತ್ತರಿಸಿದ, ನೀರು ಸೋಕಿಸದೆ ಅಂಟಿಸಬಹುದಾದ ಚೀಟಿಗಳನ್ನು ಹೊರಡಿಸಿತು. ಮಳೆಗಾಲದ ಥಂಡಿಗೆ ಆಲ್ಬಮ್ಮಿನ ಹಳೆಯ ಚೀಟಿಗಳು ಒಂದಕ್ಕೊಂದು ಕಚ್ಚಿಕೊಂಡು ಹಾಳಾದುದನ್ನು ಕಂಡವರಿಗೆ, ಒದ್ದೆ ಹವೆಯ ನಾಡುಗಳಲ್ಲಿ ಅಂಥ ಅಂಟಿನ ಉಪಯೋಗವನ್ನು ವಿವರಿಸಬೇಕಿಲ್ಲ. ಆ ಚೀಟಿ ನನ್ನ ಬಳಿಯಿಲ್ಲ. ಚಿತ್ರ ತೋರಿಸಿ ಸುಮ್ಮನಾದೆ.

ನಮ್ಮ ದೇಶದ ಪಾಲಿಗೆ ಉಳಿದದ್ದು 1965ರಿಂದ ಬಿಡುಗಡೆಯಾಗತೊಡಗಿದ ದಿನಬಳಕೆಯ ಸರಣಿ. ಅದರಲ್ಲಿ 50 ಪೈಸೆಯದು ಮಾವು. ಒಂದೇ ಬಣ್ಣದಲ್ಲಿ ಅಚ್ಚಾದ ಆ ಮಾವು ನನಗೆ ಈಗಲೂ ಅಮೆರಿಕದ ಐದಕ್ಕಿಂತ ರುಚಿಯಾಗಿ ಕಾಣುತ್ತದೆ, ಅಭಿಮಾನವೆನ್ನಿ, ಅಭ್ಯಾಸವೆನ್ನಿ. ಅದೇ ಸರಣಿಯ ಬಿದರಿ ಹೂಜಿ ಮತ್ತು ಹಂಪಿಯ ಕಲ್ಲಿನ ರಥವನ್ನು ಬದಿಗಿರಿಸುತ್ತಿದ್ದಾಗ ಅವಳು 4 ಪೈಸೆಯ ಚೀಟಿಯೊಂದನ್ನು ಚಿಮುಟದಲ್ಲಿ ಎತ್ತಿ ಹಿಡಿದಳು. ಗೊಂಚಲು ಗೊಂಚಲಾಗಿ ಕಾಫಿ.

“ಮಾಮ, ಇದೂ ಹಣ್ಣೇ ಅಲ್ವಾ?”

ಬೀಜಕ್ಕಾಗಿಯೇ ಬೆಳೆಯುವುದಾದರೂ ಕೆಂಪಗೆ ಮಾಗಿದ ಮೇಲೆ ಅದರ ತೆಳು ತಿರುಳು ಸಿಹಿಯಾಗಿರುತ್ತದೆ, ನನಗೆ ಆಕ್ಷೇಪವಿರಲಿಲ್ಲ. ಕೀವಿಯಿದ್ದ ಕಾರ್ಡನ್ನು ಮುಂದಿನ ಹಾಳೆಗೆ ಸಾಗಿಸಿ, ಮಾವಿನ ಪಕ್ಕದ ಜಾಗವನ್ನು ಕಾಫಿಗೆ ಕೊಟ್ಟೆವು.