ಮೊರಿಕೋನೆಯ ಹಾಡುಗಳು ಸ್ವರಲಿಪಿಯಲ್ಲಿ: 1966ರವರೆಗಿನ ಕೆಲಸ

ಇಟಲಿಯ ಸಿನಿಮಾ ಸಂಗೀತ ಸಂಯೋಜಕ ಎನ್ನಿಯೊ ಮೊರಿಕೋನೆ 1960ರ ದಶಕದಲ್ಲಿ ವಾದ್ಯಸಂಯೋಜನೆ ಮಾಡಿದ ಹಾಡುಗಳನ್ನು ಕೀಬೋರ್ಡಿನಲ್ಲಿ ಹಿಡಿದು ಸ್ವರಲಿಪಿಗೆ ಇಳಿಸುವ ನನ್ನ ಕೆಲಸ ಈಗ 1966ಕ್ಕೆ ಬಂದು ನಿಂತಿದೆ. ಸಿನಿಮಾ ಸಂಗೀತವನ್ನು ಬದಿಗಿಟ್ಟು ಹಾಡುಗಳಿಂದಲೇ ಹೊರಡಲು ಕಾರಣವಿದೆ: ರೋಮಿನ ಸಾಂತಾ ಚೆಚೀಲಿಯಾ ಸಂಗೀತ ಶಾಲೆಯಲ್ಲಿ ಟ್ರಂಪೆಟ್ ಕಲಿತು, ಸಂಯೋಜಕ ಗೊಫ್ರೆದೊ ಪೆತ್ರಾಸ್ಸಿಯವರ ಬಳಿ ಸಂಯೋಜನೆ ಅಭ್ಯಾಸ ಮಾಡಿದ ಈತ, ಮುಂದೆ ತೆರೆಯ ಮೇಲೆ ಹೆಸರು ತಂದುಕೊಟ್ಟ ಕೆಲವು ತಂತ್ರಗಳನ್ನು ಮೊದಲು ಒರೆಗೆ ಹಚ್ಚಿದ್ದು ಇಂಥ ಪುಟ್ಟ ಹಾಡುಗಳಲ್ಲೇ.

ಜಾನ್ನಿ ಮೆಚ್ಚಾ ಹಾಡಿದ 1960ರ ‘ಇಲ್ ಬರಾತ್ತೊಲೊ’ದಲ್ಲಿ ಉರುಳುವ ತಗಡಿನ ಡಬ್ಬಿಯೇ ಒಂದು ವಾದ್ಯ, ಅದಕ್ಕೆ ಸ್ವರವಿಲ್ಲದ ಕಾರಣ ತಾಳದ ಗುರುತುಗಳ ಮೇಲೆ ಅಡ್ಡಗೆರೆ ಎಳೆದು ತೋರಿಸಿದ್ದೇನೆ. 1962ರಲ್ಲಿ ಪೀಟರ್ ಟೆವಿಸ್ ಹಾಡಿದ ‘ಪಾಶ್ಚರ್ಸ್ ಆಫ್ ಪ್ಲೆಂಟಿ’ಗೆ ಚಾವಟಿ, ಗಂಟೆಗಳ ಸದ್ದು ಸೇರಿತು. ಅದನ್ನು ಕೇಳಿ ಮೆಚ್ಚಿದ ಸಿನಿಮಾ ನಿರ್ದೇಶಕ ಸೆರ್ಜೊ ಲಿಯೋನೆ ಆ ಹಿನ್ನೆಲೆಯನ್ನೇ 1964ರ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ಗೆ ಬೇಕೆಂದರು, ಗಾಯಕನ ಧ್ವನಿಯ ಜಾಗಕ್ಕೆ ಅಲೆಸ್ಸಾಂದ್ರೊ ಅಲೆಸ್ಸಾಂದ್ರೊನಿಯ ಸಿಳ್ಳೆ ಬಂತು.

ಈ ಬಾರಿ ಹೆಚ್ಚು ಹೊತ್ತು ಹಿಡಿದದ್ದು ಮೀನಾ ಹಾಡಿದ 1966ರ ‘ಸೆ ತೆಲೆಫೊನಾಂದೊ’. ಇದರ ರಾಗವೂ ಮೊರಿಕೋನೆಯದೇ. ಪಲ್ಲವಿಯ ಬೀಜ ಮೂರೇ ಸ್ವರ, ಜಿ, ಎಫ್ ಶಾರ್ಪ್, ಡಿ. ಜಿಯನ್ನು ತಾರಷಡ್ಜ (ಮೇಲಿನ ಸ) ಎಂದಿಟ್ಟುಕೊಂಡರೆ ಸ, ಕಾಕಲಿ ನಿಷಾದ, ಪ. ಆದರೆ ತಾಳ ನಾಲ್ಕರದ್ದು, ಗುಂಪು ಮೂರರದ್ದು. ಹೀಗಾಗಿ ಒತ್ತು ಒಮ್ಮೆ ಸ ಮೇಲೆ, ಮತ್ತೊಮ್ಮೆ ನಿ ಮೇಲೆ, ಇನ್ನೊಮ್ಮೆ ಪ ಮೇಲೆ ಬಿದ್ದು, ಅದೇ ಮೂರು ಸ್ವರ ಪ್ರತಿ ಸಲವೂ ಬೇರೆಯಾಗಿ ಕೇಳಿಸುತ್ತದೆ. ಆದಿತಾಳದಲ್ಲಿ ಮೂರಕ್ಷರದ ಗುಂಪುಗಳನ್ನು ಹೆಣೆಯುವ ಮೃದಂಗದವರಿಗೆ ಈ ಲೆಕ್ಕ ಹೊಸದಲ್ಲ. ಜನಪ್ರಿಯ ಹಾಡೊಂದರ ಪಲ್ಲವಿಯನ್ನೇ ಅದರ ಮೇಲೆ ನಿಲ್ಲಿಸಿದ್ದು ಮಾತ್ರ ಪೆತ್ರಾಸ್ಸಿಯ ಶಿಷ್ಯನಿಗೇ ಹೊಳೆಯಬಹುದಾದ ಧೈರ್ಯ ಎಂದು ನನ್ನ ಅನಿಸಿಕೆ. ಬಲಗೈಯಲ್ಲಿ ಸ್ವರಗಳು ಸಲೀಸಾಗಿ ಬರುತ್ತವೆ, ಎಡಗೈ ನಾಲ್ಕರ ತಾಳ ಬಿಡದಂತೆ ನೋಡಿಕೊಳ್ಳುವುದೇ ಕಷ್ಟ.

ಪಲ್ಲವಿ ಮರಳುವಾಗ ಶ್ರುತಿ ಏರುವ ಜಾಗಗಳನ್ನು ಗುರುತಿಸುವುದು ಬಾಕಿಯಿದೆ. ಆಮೇಲೆ, ಬಿಟ್ಟುಬಂದಿದ್ದ ಜೀನೊ ಪಾವೊಲಿಯ 1963ರ ‘ಸಪೋರೆ ದಿ ಸಾಲೆ’ಗೆ ಹಿಂದಿರುಗುತ್ತೇನೆ. ಅದರಲ್ಲಿ ಗಾತೊ ಬಾರ್ಬಿಯೆರಿಯ ಸ್ಯಾಕ್ಸೊಫೋನ್ ಇದೆ, ಅದರ ಜಾರುಗಳನ್ನು ಕೀಬೋರ್ಡಿನಲ್ಲಿ ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಗಾಲಿಯಿಂದ ಎಷ್ಟರಮಟ್ಟಿಗೆ ಹಿಡಿಯಬಹುದೆಂದು ಮೊದಲು ನೋಡಬೇಕು.